ರಜೆಯ ಪ್ರಯಾಣ: ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು?

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಬಂದಿತೆಂದರೆ ಮನೆಮನೆಗಳಲ್ಲಿ ಪ್ರಯಾಣದ ಮಾತು ಆರಂಭವಾಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿದವರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಬರುತ್ತಾರೆ. ಊರಿನಲ್ಲಿರುವವರು ಹಂಪೆಗೋ ಕೂಡಲಸಂಗಮಕ್ಕೋ ಹೊರಡುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಚಿತ್ರದುರ್ಗ ಅದರ ನಟ್ಟನಡುವೆ ಇದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗುವ ಕುಟುಂಬಗಳಿಗೆ ನಮ್ಮ ಜಿಲ್ಲೆ ಸಹಜವಾದ ತಂಗುದಾಣ. ಆದರೆ ತಂಗುವವರಿಗಿಂತ ತಂಗದೆ ಸಾಗುವವರೇ ಹೆಚ್ಚು. "ಬೆಂಗಳೂರು ಬಿಟ್ಟವರು ಎಲ್ಲಿಯೂ ನಿಲ್ಲಿಸಲಿಲ್ಲ, ನೇರವಾಗಿ ಊರಿಗೇ ಬಂದೆವು" ಎಂದು ಅಭಿಮಾನದಿಂದ ಹೇಳಿಕೊಳ್ಳುವುದು ಈಗಿನ ರೂಢಿ. ಆ ಮಾತು ಕೇಳಿದಾಗಲೆಲ್ಲ ನಮಗೆ ಹಿಂದಿನ ಆಸನದಲ್ಲಿ ಕುಳಿತಿದ್ದ ಮಕ್ಕಳ ಯೋಚನೆಯೇ ಬರುತ್ತದೆ.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವೇ ಈ ವಿಷಯಕ್ಕೆ ಮೀಸಲಾಗಿದೆ. ತಡೆಯಬಾರದ ವೇಗಗಳು ಹದಿಮೂರು ಎಂದು ಅಲ್ಲಿ ಎಣಿಸಲಾಗಿದೆ. ಮೂತ್ರ, ಮಲ, ಅಧೋವಾಯು, ವಾಂತಿ, ಹಸಿವು, ಬಾಯಾರಿಕೆ, ನಿದ್ರೆ ಇವೆಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಎಷ್ಟನ್ನು ನಾವು ಒಂದು ದಿನದ ಕಾರು ಪ್ರಯಾಣದಲ್ಲಿ ಬಲವಂತವಾಗಿ ತಡೆಯುತ್ತೇವೆ, ಮಕ್ಕಳಿಂದಲೂ ತಡೆಸುತ್ತೇವೆ ಎಂಬುದನ್ನು ಓದುಗರೇ ಲೆಕ್ಕ ಹಾಕಿ ನೋಡಬಹುದು. ಮೂತ್ರವೇಗವನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಮೂತ್ರ ವಿಸರ್ಜನೆಯಲ್ಲಿ ಕಷ್ಟ, ತಲೆನೋವು ಉಂಟಾಗುತ್ತವೆ. ನಿದ್ರಾವೇಗವನ್ನು ತಡೆದರೆ ಆಕಳಿಕೆ, ಮೈಕೈ ನೋವು, ತೂಕಡಿಕೆ, ಕಣ್ಣಿನ ಭಾರ ಕಾಣಿಸಿಕೊಳ್ಳುತ್ತವೆ ಎಂದು ಆಚಾರ್ಯರು ಹೇಳಿದ್ದಾರೆ.

ಚಿಕ್ಕ ಮಗು ಅಳುತ್ತದೆ, ಕಾರು ನಿಲ್ಲುತ್ತದೆ. ಅಜ್ಜನಿಗೆ ಸಕ್ಕರೆ ಕಾಯಿಲೆ ಇದ್ದರೆ ಅವರೇ ನಿಲ್ಲಿಸಲು ಹೇಳುತ್ತಾರೆ. ಹದಿಮೂರರಿಂದ ಹದಿನೆಂಟರ ಮಕ್ಕಳು ಮಾತ್ರ ಬಾಯಿ ಬಿಡುವುದಿಲ್ಲ. ಅವರಿಗೆ ಸಂಕೋಚ. ಅದರಲ್ಲಿಯೂ ಹೆಣ್ಣುಮಕ್ಕಳ ಸ್ಥಿತಿ ಕಷ್ಟಕರ. ದಾರಿಯ ಶೌಚಾಲಯ ಕೊಳಕಾಗಿರುತ್ತದೆಂದು ತಿಳಿದು, ಹೊರಡುವ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ರಜೆಯ ದಿನಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಉರಿಮೂತ್ರವೆಂದು ಬರುವ ಹುಡುಗಿಯರಲ್ಲಿ ಪ್ರಯಾಣ ಮುಗಿಸಿ ಬಂದವರು ಇದ್ದೇ ಇರುತ್ತಾರೆ. "ದಾರಿಯಲ್ಲಿ ಎಷ್ಟು ನೀರು ಕುಡಿದೆ ಮಗಳೇ?" ಎಂದು ಕೇಳಿದರೆ ಮಗಳು ತಾಯಿಯ ಮುಖ ನೋಡುತ್ತಾಳೆ. "ಅವಳೇನೂ ಕೇಳಲಿಲ್ಲ ಡಾಕ್ಟ್ರೇ" ಎಂದು ತಾಯಿ ಉತ್ತರಿಸುತ್ತಾರೆ. ಕೇಳುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಆದ್ದರಿಂದ ಮಕ್ಕಳು ಕೇಳಲಿ ಎಂದು ಕಾಯದೆ ಎರಡು ಗಂಟೆಗೊಮ್ಮೆ ವಾಹನ ನಿಲ್ಲಲೇಬೇಕೆಂಬ ನಿಯಮವನ್ನು ಹೊರಡುವ ಮುನ್ನವೇ ಮಾಡಿಕೊಳ್ಳುವುದು ಒಳ್ಳೆಯದು. ಎಲ್ಲರೂ ಇಳಿಯಬೇಕು, ಕಾಲು ಗಂಟೆ ಅಡ್ಡಾಡಬೇಕು. ಎಲ್ಲರೂ ಇಳಿದಾಗ ಯಾರೊಬ್ಬರಿಗೂ ಮುಜುಗರವಾಗುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಊಟದ ಹೋಟೆಲಿನಲ್ಲಿಯೋ ತಾಯಿ ಮೊದಲು ಹೋಗಿ ಶೌಚಾಲಯವನ್ನು ನೋಡಿ ಬರಲಿ. ಸರಿಯಿಲ್ಲದಿದ್ದರೆ ಮುಂದಿನದಕ್ಕೆ ಹೋಗೋಣ. ಶುಚಿಯಾದದ್ದು ಸಿಕ್ಕರೆ ಅದರ ಗುರುತನ್ನು ಬರೆದಿಟ್ಟುಕೊಂಡರೆ ಮರಳುವಾಗಲೂ ಉಪಯೋಗಕ್ಕೆ ಬರುತ್ತದೆ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಉತ್ಸಾಹದಿಂದ ಬರೆಯುವ ನಾವು ಈ ಪಟ್ಟಿಯನ್ನೇಕೆ ಬರೆಯುವುದಿಲ್ಲವೋ!

ಮುಟ್ಟಿನ ದಿನಗಳಲ್ಲಿ ಪ್ರಯಾಣ ಬಂದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಲು ಅನುಕೂಲವಿರಬೇಕು. ಪ್ಯಾಡ್, ಹಳೆಯ ಪತ್ರಿಕೆ, ಸೋಪು, ಒಂದು ಜೊತೆ ಬಟ್ಟೆ ಇರುವ ಚಿಕ್ಕ ಚೀಲ ಡಿಕ್ಕಿಯ ತಳದಲ್ಲಿರದೆ ಹುಡುಗಿಯ ಕೈಗೆಟಕುವಂತಿರಲಿ. ಈ ವಿಷಯ ತಂದೆಗೂ ತಿಳಿದಿರಬೇಕು. ಪಂಚಸೂತಕಗಳನ್ನು ನಿರಾಕರಿಸಿದ ಶರಣರ ಪರಂಪರೆಯ ಮನೆಗಳಲ್ಲಿ ಇದನ್ನು ಮಾತನಾಡಲು ಸಂಕೋಚವೇಕೆ?

ಇನ್ನು ಹೊರಡುವ ಹೊತ್ತು. ಬಿಸಿಲೇರುವ ಮುನ್ನ ತಲುಪಬೇಕೆಂದು ನಸುಕಿನ ಮೂರು ಗಂಟೆಗೇ ಹೊರಡುವವರಿದ್ದಾರೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆಯ ನಿದ್ರೆ ಬೇಕು. ಆ ವಯಸ್ಸಿನಲ್ಲಿ ನಿದ್ರೆ ಬರುವುದೂ ತಡವಾಗಿಯೇ. ಅದು ಸೋಮಾರಿತನವಲ್ಲ, ದೇಹಧರ್ಮ. ಮೂರಕ್ಕೆ ಎಬ್ಬಿಸಿದ ಮಗುವಿಗೆ ದಿನವಿಡೀ ತಲೆನೋವು, ಸಿಡುಕು. ಮಕ್ಕಳದ್ದು ಹಾಗಿರಲಿ, ವಾಹನ ನಡೆಸುವವರ ಗತಿಯೇನು? ನಸುಕಿನ ಎರಡರಿಂದ ಐದು ಗಂಟೆಯವರೆಗೆ ದೇಹ ನಿದ್ರೆಗೆ ಅತಿ ಹೆಚ್ಚು ಎಳೆಯುತ್ತದೆ. ಮಧ್ಯಾಹ್ನ ಊಟದ ನಂತರ ಇನ್ನೊಮ್ಮೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ದೂರವನ್ನು ಕಾರು ತಾನೇ ಓಡಿರುತ್ತದೆ. ಹಿರಿಯೂರು, ಚಿತ್ರದುರ್ಗಗಳ ನಡುವಿನ ಹೆದ್ದಾರಿ ನೇರವಾಗಿ, ವಿಶಾಲವಾಗಿ ಇರುವುದರಿಂದಲೇ ತೂಕಡಿಕೆಗೆ ಅನುಕೂಲ. ಕಿಟಕಿ ತೆರೆಯುವುದು, ಹಾಡು ಹಾಕುವುದು, ಮುಖಕ್ಕೆ ನೀರು ಚಿಮುಕಿಸುವುದು ಇವು ಯಾವುವೂ ನಿದ್ರೆಗೆ ಪರಿಹಾರವಲ್ಲ. ಹಗಲು ನಿದ್ರೆಯನ್ನು ಸಾಮಾನ್ಯವಾಗಿ ನಿಷೇಧಿಸುವ ಚರಕರು ದಾರಿ ನಡೆದು ಬಳಲಿದವರಿಗೆ ಅದನ್ನು ಅನುಮತಿಸಿದ್ದಾರೆ. ಸುರಕ್ಷಿತ ಸ್ಥಳದಲ್ಲಿ, ನೆರಳಿನಲ್ಲಿ ವಾಹನ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದೇ ಮದ್ದು. ಬೆಳಗಿನ ಪೂಜೆ ಮುಗಿಸಿ, ಬಿಸಿ ಇಡ್ಲಿ ತಿಂದು, ಆರೂವರೆಗೆ ಹೊರಟರೆ ನಷ್ಟವೇನೂ ಇಲ್ಲ.

ಹಳ್ಳಿಯ ರಸ್ತೆ ಖಾಲಿ ಇದೆಯೆಂದು ಹೈಸ್ಕೂಲಿನ ಮಗನ ಕೈಗೆ ಸ್ಟೇರಿಂಗ್ ಕೊಡುವ ತಂದೆಯರನ್ನೂ ನಾವು ಕಂಡಿದ್ದೇವೆ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ನಡೆಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ದಂಡದ ಮಾತು ಬಿಡಿ, ಆ ಮಗ ನಿಮಗೆ ಬೇಕಲ್ಲವೇ?

ನಮ್ಮ ಜಿಲ್ಲೆಯಲ್ಲಿ ಎಲ್ಲಿ ನಿಲ್ಲಬಹುದು? ಬೆಂಗಳೂರಿನಿಂದ ಬರುವವರು ಸಿರಾದ ಆಸುಪಾಸಿನಲ್ಲಿ ಒಮ್ಮೆ ಇಳಿದಿದ್ದರೆ ಹಿರಿಯೂರಿನ ಹೊತ್ತಿಗೆ ದೇಹ ಹಗುರವಾಗಿರುತ್ತದೆ. ಹೊಸದುರ್ಗದ ಕಡೆಗೆ ಹೋಗುವವರಿಗೆ ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ವಾಣಿವಿಲಾಸ ಸಾಗರವಿದೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ಈ ಅಣೆಕಟ್ಟೆ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಈ ಲೆಕ್ಕವನ್ನು ಮಕ್ಕಳಿಗೆ ಹೇಳಿದರೆ ಫೋನಿನಿಂದ ತಲೆ ಎತ್ತುತ್ತಾರೆ; ನಾವು ಪರೀಕ್ಷಿಸಿ ನೋಡಿದ್ದೇವೆ. ನೀರಿಗಿಳಿಯಲು ಮಾತ್ರ ಬಿಡಬಾರದು.

ಫೋನಿನ ವಿಷಯ ಬಂದದ್ದರಿಂದ ಒಂದು ಮಾತು. ಕಾರಿನಲ್ಲಿ ವಾಂತಿಯಾಗುವ ಮಕ್ಕಳಲ್ಲಿ ಬಹುಪಾಲು ಫೋನು ನೋಡುತ್ತ ಕುಳಿತವರೇ. ಕಣ್ಣು ಸ್ಥಿರವಾದ ಪರದೆಯನ್ನು ನೋಡುತ್ತಿರುತ್ತದೆ, ಒಳಗಿವಿ ಚಲನೆಯನ್ನು ತಿಳಿಸುತ್ತಿರುತ್ತದೆ. ಈ ವಿರೋಧದಿಂದ ಹೊಟ್ಟೆ ತೊಳಸುತ್ತದೆ. ದೂರದ ಗಾಳಿಯಂತ್ರಗಳನ್ನು ನೋಡುತ್ತ ಹೋದರೆ ಎಷ್ಟೋ ವಾಸಿ. ಹಸಿಶುಂಠಿಯ ತುಣುಕಿಗೆ ಉಪ್ಪು ಹಚ್ಚಿ ಬಾಯಲ್ಲಿಟ್ಟುಕೊಳ್ಳಬಹುದು. ದಾಳಿಂಬೆಯ ರಸವೂ ಹಿತಕರ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಹಣ್ಣಿಗೆ ಕೊರತೆಯಿಲ್ಲ. ವಾಂತಿ ಬಂದೇ ಬಂದರೆ ತಡೆಯದೆ ವಾಹನ ನಿಲ್ಲಿಸಬೇಕು. ಅದೂ ಹದಿಮೂರರಲ್ಲಿ ಒಂದು.

ಚಿತ್ರದುರ್ಗದ ಕೋಟೆಯನ್ನು ಮಧ್ಯಾಹ್ನ ಹತ್ತಿಸುವುದು ಬೇಡವೇ ಬೇಡ. ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ, ಅಕ್ಕ–ತಂಗಿ ಹೊಂಡ ಇವನ್ನೆಲ್ಲ ಮಕ್ಕಳು ನೋಡಲೇಬೇಕು, ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಆ ಬಂಡೆಗಳು ಮೇಲಿನ ಬಿಸಿಲಿಗಿಂತ ಹೆಚ್ಚಾಗಿ ಕೆಳಗಿನಿಂದ ಸುಡುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹತ್ತಬೇಕು. ನಡುಹಗಲು ಬಂದವರು ಚಂದ್ರವಳ್ಳಿಗೆ ಹೋಗಲಿ: ಕೆರೆ ಇದೆ, ಮಯೂರಶರ್ಮನ ಶಾಸನವಿದೆ, ಅಂಕಲಿ ಮಠದ ತಣ್ಣನೆಯ ಗುಹೆಗಳಿವೆ. ಬಿಸಿಲಿನಲ್ಲಿ ಯಾರಿಗಾದರೂ ತಲೆಸುತ್ತು, ಓಕರಿಕೆ ಬಂದರೆ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಓಆರ್‌ಎಸ್ ಅಥವಾ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೊಳಲ್ಕೆರೆಯ ಬಯಲು ಗಣಪತಿ ರಸ್ತೆಯಿಂದ ದೂರವಿಲ್ಲ. ಬೆನ್ನಿನ ಮೇಲೆ ಇಳಿಬಿದ್ದ ಜಡೆಯನ್ನು ಹಿಂದಕ್ಕೆ ಸುತ್ತಿ ಹೋಗಿಯೇ ನೋಡಬೇಕಾದ್ದರಿಂದ ಕಾಲಿಗೂ ಕೊಂಚ ಕೆಲಸ ಸಿಗುತ್ತದೆ.

ಆಹಾರದ ಬಗ್ಗೆ ಬಹಳ ಹೇಳುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಮನೆಯ ನೀರು ಇರಲಿ. ಮಕ್ಕಳು ಬುತ್ತಿ ಬೇಡವೆಂದರೆ ಒಂದು ಹೊತ್ತು ಹೊರಗೆ ತಿನ್ನಲಿ, ಕಣ್ಣೆದುರು ಬಿಸಿಯಾಗಿ ಮಾಡಿದ್ದನ್ನು ತಿನ್ನಲಿ. ಕತ್ತರಿಸಿಟ್ಟ ಹಣ್ಣು ಬೇಡ. ದಾರಿಯುದ್ದಕ್ಕೂ ಚಿಪ್ಸ್ ಮೆಲ್ಲುತ್ತ ಹೋಗುವುದು ಅಧ್ಯಶನ. ಮೊದಲಿನದು ಜೀರ್ಣವಾಗುವ ಮುನ್ನ ಇನ್ನೊಂದನ್ನು ಹೇರಿದಂತೆ. ತಂಪು ಪಾನೀಯಕ್ಕಿಂತ ಹೊಸದುರ್ಗದ ಎಳನೀರು ಲೇಸು.

ಪ್ರಯಾಣ ಮುಗಿಸಿದ ಎರಡು ದಿನಗಳಲ್ಲಿ ಉರಿಮೂತ್ರ ಕಂಡರೆ ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು ಕೊಡಬಹುದು. ಮರುದಿನವೂ ಉರಿ ಉಳಿದರೆ, ಅಥವಾ ಅದರೊಡನೆ ಚಳಿಜ್ವರ, ವಾಂತಿ, ಪಕ್ಕೆ ಅಥವಾ ಸೊಂಟದ ನೋವು ಸೇರಿದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಅಂದೇ ವೈದ್ಯರಲ್ಲಿಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ.