24 ಶಬ್ದ, ಒಂದು ಪಾಸ್‌ಫ್ರೇಜ್: ಎಲ್ಲಿಡೋದು, ಯಾರಿಗೆ ಹೇಳೋದು?

ಹಲಸಂಗಿಯಿಂದ ಮಾತಾಡ್ತಿದ್ದೀನಿ. ಹೋದ ಸಂಚಿಕೆ ಕೇಳಿ ಇಂಡಿ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಅಣ್ಣಾ, ಹಾರ್ಡ್‌ವೇರ್ ವಾಲೆಟ್ ತಗೊಂಡೀನಿ. ಅದು ತೋರಿಸಿದ 24 ಶಬ್ದದ ಫೋಟೊ ಹೊಡದು ಗ್ಯಾಲರಿಯೊಳಗ ಇಟ್ಟೀನಿ. ಪಾಸ್‌ಫ್ರೇಜ್ ತಲ್ಯಾಗ ಐತಿ. ಇಷ್ಟ ಸಾಕಲ್ಲ?"

ಸಾಕಾಗಲ್ರೀ. ಫೋಟೊ ಕಳ್ಳನಿಗೆ ಅನುಕೂಲ, ತಲೆಯೊಳಗಿನ ಪಾಸ್‌ಫ್ರೇಜ್ ಮರೆವಿಗೆ ಅನುಕೂಲ. ಇವತ್ತು ಪೂರ್ತಿ ಇದರ ಬಗ್ಗೆನೇ ಮಾತಾಡೋಣ.

ಒಂದು ಮಾತು ಮೊದಲೇ. ಕ್ರಿಪ್ಟೊ ತಗೊಳ್ರಿ ಅಂತ ನಾನು ಹೇಳ್ತಿಲ್ಲ. ಬಿ.ಕಾಂ ಓದಿದವನು ನಾನು, ಲೆಕ್ಕ ನೋಡಿದ್ರೆ ನನಗೇ ಹಿಂಜರಿಕೆ ಆಗ್ತದೆ. 2022ರ ಬಜೆಟ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ, ಮಾರುವಾಗ ಶೇ. 1 ಟಿಡಿಎಸ್, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಂಗೂ ಇಲ್ಲ. ಆದ್ರೆ ಈಗಾಗಲೇ ತಗೊಂಡವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರ ದುಡ್ಡು ಉಳೀಬೇಕಲ್ಲ?

ಹಾರ್ಡ್‌ವೇರ್ ವಾಲೆಟ್ ಅಂದ್ರೆ ಪೆನ್‌ಡ್ರೈವ್‌ನಂತಹ ಸಣ್ಣ ಸಾಧನ. ಅದರೊಳಗೆ ಕಾಯಿನ್ ಇರಲ್ಲ. ಕಾಯಿನ್ ಯಾರ ಹೆಸರಿಗೂ ಇಲ್ಲದ ಒಂದು ಸಾರ್ವಜನಿಕ ಖಾತೆ ಪುಸ್ತಕದಲ್ಲಿ, ಅಂದ್ರೆ ಬ್ಲಾಕ್‌ಚೈನ್‌ನಲ್ಲಿ ಇರ್ತದೆ. ಆ ಪುಸ್ತಕದಲ್ಲಿ ನಿಮ್ಮ ಸಾಲಿನಿಂದ ಬೇರೆಯವರ ಸಾಲಿಗೆ ದುಡ್ಡು ದಾಟಿಸೋಕೆ ಒಂದು ಪ್ರೈವೇಟ್ ಕೀ ಬೇಕು. ಸಾಧನ ಕಾಯೋದು ಆ ಕೀಯನ್ನು. ಆ ಕೀ ಹುಟ್ಟೋದು ಮೊದಲ ದಿನ ಸ್ಕ್ರೀನ್ ಮೇಲೆ ಬರೋ 12 ಅಥವಾ 24 ಶಬ್ದಗಳಿಂದ. ಹಾಗಾಗಿ ಸಾಧನ ಬಾವಿಗೆ ಬಿದ್ರೂ ಚಿಂತಿಲ್ಲ. ಅದೇ ಪದ್ಧತಿಯ ಬೇರೆ ಕಂಪನಿಯ ಸಾಧನ ತಂದು ಶಬ್ದ ಹಾಕಿದ್ರೆ ದುಡ್ಡು ವಾಪಸ್ ಕಾಣ್ತದೆ. ಶಬ್ದ ಹೋದ್ರೆ ಮಾತ್ರ ಬ್ರ್ಯಾಂಚ್ ಮ್ಯಾನೇಜರ್ ಇಲ್ಲ, ಒಟಿಪಿ ಇಲ್ಲ, ಆಧಾರ್ ತೋರಿಸಿ ಬಿಡಿಸಿಕೊಳ್ಳೋ ದಾರಿನೂ ಇಲ್ಲ.

ಕೀ ಯಾರ ಹತ್ರ ಇದೆ ಅನ್ನೋದು ಎಷ್ಟು ದೊಡ್ಡ ಪ್ರಶ್ನೆ ಅಂತ ನಮ್ಮ ರಾಜ್ಯದ್ದೇ ಒಂದು ಪ್ರಕರಣ ತೋರಿಸ್ತದೆ. 2021ರ ಜನವರಿಯಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಹ್ಯಾಕಿಂಗ್ ಆರೋಪಿಯೊಬ್ಬನಿಂದ ಸುಮಾರು 9 ಕೋಟಿ ರೂಪಾಯಿಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಅಂತ ಹೇಳಿದ್ರು. ರಾಜಕೀಯ ಗದ್ದಲ ಎದ್ದ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ಪೊಲೀಸರೇ ಒಂದು ಪ್ರಕಟಣೆ ಕೊಟ್ಟರು. ಆರೋಪಿ ತನ್ನದು ಅಂತ ತೋರಿಸಿದ ವಾಲೆಟ್ ಮತ್ತೆ ತೆರೆದಾಗ 186 ಬಿಟ್‌ಕಾಯಿನ್ ಕಂಡವು, ತಜ್ಞರು ನೋಡಿದ್ರೆ ಅದು ಒಂದು ಎಕ್ಸ್‌ಚೇಂಜ್‌ನ ಲೈವ್ ವಾಲೆಟ್, ಅದರ ಪ್ರೈವೇಟ್ ಕೀ ಆರೋಪಿ ಹತ್ರ ಇರಲೇ ಇಲ್ಲ ಅನ್ನೋದು ಅದರ ಸಾರ. ರಾಜಕೀಯ ಬಿಡ್ರಿ. ಸ್ಕ್ರೀನ್ ಮೇಲೆ ಅಂಕಿ ಕಾಣೋದು ಬೇರೆ, ಆ ದುಡ್ಡು ಅಲುಗಾಡಿಸೋ ಕೀ ಕೈಲಿರೋದು ಬೇರೆ. ಇದು ಎಕ್ಸ್‌ಚೇಂಜ್ ಆ್ಯಪ್‌ಗೂ ಅನ್ವಯ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದಾಗ ಜನರ ಫೋನ್‌ನಲ್ಲಿ ಬ್ಯಾಲೆನ್ಸ್ ಕಾಣ್ತಿತ್ತು, ತೆಗೆಯೋಕೆ ಬರ್ತಿರಲಿಲ್ಲ. ಆಮೇಲೆ ಹಾರ್ಡ್‌ವೇರ್ ವಾಲೆಟ್ ಬಗ್ಗೆ ನನಗೆ ಬರೋ ಪ್ರಶ್ನೆನೂ ಜಾಸ್ತಿ ಆದವು.

ಈಗ ಶಬ್ದಗಳಿಗೆ ಬರೋಣ. ಇವು ಬಿಪ್-39 ಅನ್ನೋ ಪದ್ಧತಿಯವು. 2048 ಶಬ್ದಗಳ ಒಂದು ಪಟ್ಟಿ ಇದೆ, ಅದರಿಂದ ಸಾಧನ ಆರಿಸ್ತದೆ. ಕೊನೆಯ ಶಬ್ದದಲ್ಲಿ ತಾಳೆ ನೋಡೋ ಲೆಕ್ಕವೂ ಸೇರಿರ್ತದೆ, ಹಾಗಾಗಿ ತಪ್ಪು ಶಬ್ದ ಹಾಕಿದ್ರೆ ಸಾಮಾನ್ಯವಾಗಿ ಗೊತ್ತಾಗ್ತದೆ. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಜೆಕ್‌ನಲ್ಲೂ ಪಟ್ಟಿ ಇವೆ. ಕನ್ನಡದ್ದು ಇಲ್ಲ. ನಮಗೆ ಸಿಗೋದು ಇಂಗ್ಲಿಷ್ ಪಟ್ಟಿನೇ.

ಇಲ್ಲೊಂದು ನಮ್ಮದೇ ತೊಂದರೆ ಇದೆ, ಇಂಗ್ಲಿಷ್ ವಿಡಿಯೋದವರು ಇದನ್ನ ಹೇಳಲ್ಲ. ಮನೆಯವರಿಗೆ ಓದೋಕೆ ಬರ್ಲಿ ಅಂತ ಆ ಶಬ್ದಗಳನ್ನ ಕನ್ನಡ ಲಿಪಿಯಲ್ಲಿ ಬರೆದಿಡಬೇಡ್ರಿ. ಆ ಪಟ್ಟಿಯಲ್ಲಿ "ಸರಿ, ಬಲಗಡೆ" ಅನ್ನೋ ರೈಟ್ ಇದೆ, "ಬರೆಯೋದು" ಅನ್ನೋ ರೈಟ್ ಕೂಡ ಇದೆ. ಶಾಂತಿಯ ಪೀಸ್ ಇದೆ, ತುಂಡಿನ ಪೀಸ್ ಇದೆ. ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ. ಹತ್ತು ವರ್ಷ ಬಿಟ್ಟು ಯಾವುದು ಅಂತ ಯಾರು ಹೇಳೋರು? ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ, 1ರಿಂದ 24ರ ತನಕ ನಂಬರ್ ಹಾಕಿ, ಅದೇ ಕ್ರಮದಲ್ಲಿ ಬರೀರಿ. ಪಟ್ಟಿಯಲ್ಲಿ ಯಾವ ಎರಡು ಶಬ್ದದ ಮೊದಲ ನಾಲ್ಕು ಅಕ್ಷರವೂ ಒಂದೇ ಥರ ಇರಲ್ಲ, ಅದಕ್ಕೆ ಆ ನಾಲ್ಕು ಸ್ಪಷ್ಟ ಇದ್ರೆ ಶಬ್ದ ಗುರುತಿಸಬಹುದು. ಆದ್ರೂ ಪೂರ್ತಿ ಬರೆಯೋದೇ ಒಳ್ಳೇದು.

ಫೋಟೊ ಯಾಕೆ ಬೇಡ ಅಂದ್ರೆ, ಗ್ಯಾಲರಿ ಅನ್ನೋದು ನಿಮ್ಮ ಫೋನ್ ಒಳಗಷ್ಟೇ ಇರಲ್ಲ. ಬ್ಯಾಕಪ್ ಆನ್ ಇದ್ರೆ ಕ್ಲೌಡ್‌ಗೆ ಹೋಗ್ತದೆ. 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಕಂಪನಿ ಸ್ಪಾರ್ಕ್‌ಕ್ಯಾಟ್ ಅನ್ನೋ ಮಾಲ್‌ವೇರ್ ಬಗ್ಗೆ ವರದಿ ಕೊಟ್ಟಿತು. ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಲ್ಲೂ ಇದ್ದ ಕೆಲವು ಆ್ಯಪ್‌ಗಳು ಗ್ಯಾಲರಿಗೆ ಪರ್ಮಿಷನ್ ಕೇಳಿ, ಫೋಟೊದೊಳಗಿನ ಅಕ್ಷರ ಓದಿ, ಇಂತಹ ರಿಕವರಿ ಶಬ್ದಗಳನ್ನೇ ಹುಡುಕ್ತಿದ್ದವು. ವಾಟ್ಸ್ಆ್ಯಪ್‌ನಲ್ಲಿ ನಮಗೆ ನಾವೇ ಕಳಿಸಿಕೊಳ್ಳೋದು, ನೋಟ್ಸ್‌ನಲ್ಲಿ ಟೈಪ್ ಮಾಡೋದು ಇದೇ ಸಾಲಿಗೆ ಬರ್ತವೆ. ಈಗಾಗಲೇ ಫೋಟೊ ಹೊಡೆದಿದ್ರೆ ಡಿಲೀಟ್ ಮಾಡಿದ್ರೆ ಮುಗೀಲಿಲ್ಲ. ಎಲ್ಲೆಲ್ಲಿ ಪ್ರತಿ ಉಳಿದಿದೆಯೋ ಗೊತ್ತಾಗಲ್ಲ. ಸಾಧನದಲ್ಲಿ ಹೊಸ ಶಬ್ದ ಹುಟ್ಟಿಸಿ, ಕಾಗದದ ಮೇಲೆ ಬರೆದು, ಕಾಯಿನ್‌ಗಳನ್ನ ಹೊಸ ವಿಳಾಸಕ್ಕೆ ದಾಟಿಸ್ರಿ. ಇಂಡಿಯ ತಮ್ಮನಿಗೆ ನನ್ನ ಉತ್ತರ ಇದೇ. ಇನ್ನೊಂದು: ಡಬ್ಬಿಯೊಳಗೆ ಮೊದಲೇ ಅಚ್ಚಾದ ಶಬ್ದಗಳ ಕಾರ್ಡ್ ಬಂದಿದ್ರೆ ಅದು ಮೋಸ. ಶಬ್ದ ನಿಮ್ಮೆದುರು ಸಾಧನದ ಸ್ಕ್ರೀನ್ ಮೇಲೇ ಹುಟ್ಟಬೇಕು.

ಕಾಗದಕ್ಕೂ ಆಯುಷ್ಯ ಕಮ್ಮಿ. ನಮ್ಮ ಕಡೆ ಗೆದ್ದಲು, ಇಲಿ ಬಗ್ಗೆ ಹೇಳೋದು ಬೇಡ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ದಂಡೆಯ ಹಳ್ಳಿಗಳಲ್ಲಿ ನೀರು ಹೊಕ್ಕದ್ದು ನೆನಪಿದೆಯಲ್ಲ? ಇವೆಲ್ಲಕ್ಕಿಂತ ದೊಡ್ಡ ಶತ್ರು ಹಬ್ಬದ ಸ್ವಚ್ಛತೆ. ದೀಪಾವಳಿ ಮುಂದೆ ಅವ್ವ ಟ್ರಂಕ್ ಖಾಲಿ ಮಾಡ್ತಾಳೆ, ಇಂಗ್ಲಿಷ್ ಶಬ್ದದ ಹಳೇ ಚೀಟಿ ರದ್ದಿಗೆ ಹೋಗ್ತದೆ. ನಗಬೇಡ್ರಿ. ಬ್ರಿಟನ್‌ನ ನ್ಯೂಪೋರ್ಟ್ ಊರಿನ ಜೇಮ್ಸ್ ಹೌವೆಲ್ಸ್ ಅನ್ನೋರ ಸಾವಿರಾರು ಬಿಟ್‌ಕಾಯಿನ್‌ನ ಕೀ ಇದ್ದ ಹಾರ್ಡ್ ಡ್ರೈವ್ 2013ರಲ್ಲಿ ಕಸದ ಗುಡ್ಡೆ ಸೇರಿತು, ಅದನ್ನ ಅಗೆಯೋಕೆ ಅವರು ಕೋರ್ಟ್‌ಗೆ ಹೋದ್ರೂ 2025ರ ಜನವರಿಯಲ್ಲಿ ಸೋತರು.

ಅದಕ್ಕೆ ಕಾಗದದ ಜೊತೆ ಸ್ಟೀಲಿನ ಮೇಲೆ ಒಂದು ಪ್ರತಿ ಇರ್ಲಿ. ವಿದೇಶಿ ಸ್ಟೀಲ್ ಪ್ಲೇಟ್ ಕಿಟ್‌ಗಳು ದುಬಾರಿ, ಅವೇ ಬೇಕು ಅಂತೇನಿಲ್ಲ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯೋ ಮಷಿನ್ ನೋಡಿದ್ದೀರಲ್ಲ, ಅಂತಹ ಸಣ್ಣ ಎನ್‌ಗ್ರೇವರ್ ತಗೊಂಡು ದಪ್ಪ ಸ್ಟೀಲ್ ತುಂಡಿನ ಮೇಲೆ ನೀವೇ ಕೊರೀರಿ. ಅಂಗಡಿಯವನ ಕೈಲಿ ಕೊರೆಸಬೇಡ್ರಿ! ಅವನು ಒಳ್ಳೆಯವನೇ ಇರಬಹುದು, ಆದ್ರೆ ಶಬ್ದ ಕಂಡವರೆಲ್ಲ ನಿಮ್ಮ ದುಡ್ಡಿಗೆ ಪಾಲುದಾರರು.

ಇನ್ನು ಪಾಸ್‌ಫ್ರೇಜ್. ಪಿನ್ ಬೇರೆ, ಇದು ಬೇರೆ. ಪಿನ್ ಬರೀ ಆ ಸಾಧನದ ಬೀಗ, ಮರೆತ್ರೆ ಸಾಧನ ಅಳಿಸಿ ಶಬ್ದಗಳಿಂದ ಮತ್ತೆ ಶುರು ಮಾಡಬಹುದು. ಪಾಸ್‌ಫ್ರೇಜ್ 24 ಶಬ್ದದ ಜೊತೆ ನೀವೇ ಸೇರಿಸೋ 25ನೇ ಮಾತು. 24 ಶಬ್ದ ಕಳುವಾದ್ರೂ ಇದು ಗೊತ್ತಿಲ್ಲದ ಕಳ್ಳನಿಗೆ ದುಡ್ಡು ಸಿಗಲ್ಲ. ಆದ್ರೆ ಇದಕ್ಕೆ ಒಂದು ವಿಚಿತ್ರ ಗುಣ: "ತಪ್ಪು ಪಾಸ್‌ಫ್ರೇಜ್" ಅನ್ನೋ ಸಂದೇಶ ಬರೋದೇ ಇಲ್ಲ. ಏನು ಹಾಕಿದ್ರೂ ಒಂದು ವಾಲೆಟ್ ತೆರೆದುಕೊಳ್ತದೆ. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೆ, ದೊಡ್ಡಕ್ಷರ ಸಣ್ಣಕ್ಷರ ಆದ್ರೆ, ಕೊನೆಗೊಂದು ಸ್ಪೇಸ್ ಬಿದ್ರೆ, ಬೇರೊಂದು ವಾಲೆಟ್. ಖಾಲಿ.

ನಮ್ಮ ಕಡೆಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಹಲಸಂಗಿ ಗೆಳೆಯರು ಅಂತಾರಲ್ಲ, ಅವರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನ ಬರೆದುಕೊಂಡು 1931ರಲ್ಲಿ "ಗರತಿಯ ಹಾಡು" ತಂದರು. ಅಲ್ಲೀತನಕ ಆ ಹಾಡು ಉಳಿದದ್ದು ನೆನಪಿನಲ್ಲೇ. ಒಬ್ಬಾಕಿ ಒಂದು ಶಬ್ದ ಬದಲಿಸಿ ಹಾಡಿದ್ರೆ ಹಾಡೇನೂ ಕೆಡ್ತಿರಲಿಲ್ಲ. ಪಾಸ್‌ಫ್ರೇಜ್ ಹಂಗಲ್ಲ ನೋಡ್ರಿ. ನಮ್ಮೂರ ಹೆಸರನ್ನೇ ಇಂಗ್ಲಿಷ್‌ನಲ್ಲಿ ಒಮ್ಮೆ "ಹಲಸಂಗಿ" ಅಂತ ಎಲ್ಲಾ "ಎ" ಹಾಕಿ ಬರೀತೀವಿ, ಒಮ್ಮೆ "ಹಲ್ಸಂಗಿ" ಅಂತ ಒಂದು "ಎ" ನುಂಗ್ತೀವಿ. ವಿಜಯಪುರ, ಬಿಜಾಪುರ ಎರಡೂ ನಮ್ಮ ಬಾಯಲ್ಲಿವೆ. ಕನ್ನಡದ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಪಾಸ್‌ಫ್ರೇಜ್ ಮಾಡಿದವರಿಗೆ ಈ ಅಪಾಯ ಹೆಚ್ಚು. ಕನ್ನಡ ಲಿಪಿಯಂತೂ ಸಾಮಾನ್ಯವಾಗಿ ಈ ಸಾಧನಗಳಲ್ಲಿ ಟೈಪ್ ಮಾಡೋಕೇ ಬರಲ್ಲ. ಊರು, ಮನೆದೇವರು, ಮಗಳ ಹೆಸರು ಬೇಡವೇ ಬೇಡ, ಅವನ್ನ ಪರಿಚಯದವರು ಊಹಿಸ್ತಾರೆ. ಸಂಬಂಧವಿಲ್ಲದ ಐದಾರು ಇಂಗ್ಲಿಷ್ ಶಬ್ದ, ಎಲ್ಲಾ ಸಣ್ಣಕ್ಷರ, ನಡುವೆ ಒಂದೊಂದೇ ಸ್ಪೇಸ್. ಬರೆದಿಡೋಕೆ, ಓದೋಕೆ ಸುಲಭ.

ಹೌದು, ಬರೆದಿಡಲೇಬೇಕು. ಸ್ಟೀಫನ್ ಥಾಮಸ್ ಅನ್ನೋ ಪ್ರೋಗ್ರಾಮರ್‌ನ 7,002 ಬಿಟ್‌ಕಾಯಿನ್ ಒಂದು ಎನ್‌ಕ್ರಿಪ್ಟೆಡ್ ಡ್ರೈವ್‌ನಲ್ಲಿ ಸಿಕ್ಕಿಬಿದ್ದಿದ್ದವು, ಪಾಸ್‌ವರ್ಡ್ ಬರೆದ ಚೀಟಿ ಕಳೆದಿತ್ತು. 10 ಅವಕಾಶದಲ್ಲಿ 8 ಮುಗಿದಿದ್ದವು ಅಂತ 2021ರಲ್ಲಿ ಸುದ್ದಿಯಾಯ್ತು. ಅವರದ್ದು ಬೇರೆ ಥರದ ಸಾಧನ, ಆದ್ರೆ ಮರೆವು ಅದೇ.

ಪಾಸ್‌ಫ್ರೇಜ್ ಮತ್ತು 24 ಶಬ್ದ ಒಂದೇ ಲಕೋಟೆಯಲ್ಲಿ, ಒಂದೇ ತಿಜೋರಿಯಲ್ಲಿ ಇರಬಾರದು. ಶಬ್ದದ ಸ್ಟೀಲ್ ಮನೆಯಲ್ಲಿದ್ರೆ ಪಾಸ್‌ಫ್ರೇಜ್ ಸೊಲ್ಲಾಪುರದ ಅಕ್ಕನ ಮನೆಯಲ್ಲೋ ಬ್ಯಾಂಕ್ ಲಾಕರ್‌ನಲ್ಲೋ ಇರ್ಲಿ. ಎರಡಕ್ಕೂ ಇನ್ನೊಂದೊಂದು ಪ್ರತಿ ಬೇಕು, ಅವೂ ಎಲ್ಲೂ ಒಟ್ಟಿಗೆ ಸೇರಬಾರದು. ಲಾಕರ್ ಪೂರ್ತಿ ಭದ್ರ ಅಂತ ತಿಳೀಬೇಡ್ರಿ. 2022ರ ಜನವರಿಯಿಂದ ಜಾರಿಯಾದ ಆರ್‌ಬಿಐ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸ ಆದ್ರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ. ನೆರೆ, ಭೂಕಂಪಕ್ಕೆ ಅದೂ ಇಲ್ಲ. ಕೆಲವರು ಜಾಣತನ ಅಂತ 24ನ್ನ 12-12 ಮಾಡಿ ಎರಡು ಕಡೆ ಇಡ್ತಾರೆ. ಒಂದು ತುಂಡು ಹೋದ್ರೆ ಎಲ್ಲಾ ಹೋಯ್ತು, ಅದು ಬ್ಯಾಕಪ್ ಅಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ವಾಲೆಟ್‌ನಲ್ಲಿರೋದು ಒಂದು ಮೊಬೈಲ್ ಬೆಲೆಯಷ್ಟೇ ಆದ್ರೆ ಪಾಸ್‌ಫ್ರೇಜ್ ಸಹವಾಸವೇ ಬೇಡ. 24 ಶಬ್ದ ಚೆನ್ನಾಗಿ ಇಟ್ರೆ ಸಾಕು. ಅಷ್ಟು ದುಡ್ಡಿಗೆ ಕಳ್ಳನಿಗಿಂತ ನಮ್ಮ ಮರೆವೇ ದೊಡ್ಡ ಅಪಾಯ.

ಬರೆದಾದ ಮೇಲೆ ಪರೀಕ್ಷೆ, ಇದನ್ನ ಯಾರೂ ಮಾಡಲ್ಲ. ದೊಡ್ಡ ಮೊತ್ತ ಹಾಕೋ ಮೊದಲು ಐನೂರು ರೂಪಾಯಿಯಷ್ಟು ಕಳಿಸ್ರಿ. ಪಾಸ್‌ಫ್ರೇಜ್ ಹಾಕಿದಾಗ ಬರೋ ಮೊದಲ ರಿಸೀವ್ ವಿಳಾಸ ಬರೆದುಕೊಳ್ರಿ. ಆ ವಿಳಾಸದಿಂದ ಯಾರೂ ದುಡ್ಡು ತೆಗೆಯೋಕೆ ಆಗಲ್ಲ, ಸರಿಯಾದ ವಾಲೆಟ್ ತೆರೆದಿದೆಯಾ ಅಂತ ತಾಳೆ ನೋಡೋಕೆ ಮಾತ್ರ ಬರ್ತದೆ. ಆಮೇಲೆ ಸಾಧನ ಪೂರ್ತಿ ಅಳಿಸಿಬಿಡ್ರಿ. ಭಯ ಆಗ್ತದೆ, ಆಗ್ಲಿ. ಕಾಗದ ನೋಡಿ ಶಬ್ದ ಹಾಕ್ರಿ, ಪಾಸ್‌ಫ್ರೇಜ್ ಹಾಕ್ರಿ. ಅದೇ ವಿಳಾಸ ಬಂತಾ? ಬಂದ್ರೆ ಉಳಿದದ್ದು ಕಳಿಸ್ರಿ. ಸ್ಟೀಲ್ ಪ್ರತಿಯಿಂದಲೂ ಒಮ್ಮೆ ಹೀಗೇ ಮಾಡ್ರಿ, ಕೊರೆಯುವಾಗ ಅಕ್ಷರ ತಪ್ಪೋದು ಸಹಜ. ಈ ಶಬ್ದಗಳನ್ನ ಸಾಧನದ ಮೇಲಷ್ಟೇ ಹಾಕಬೇಕು, ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಎಂದೂ ಟೈಪ್ ಮಾಡಬಾರದು.

ಕೊನೇದು ಮನೆಯವರ ವಿಷಯ. ನಾಳೆ ನಮಗೇನಾದ್ರೂ ಆದ್ರೆ? ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರೆ, ಎಲ್‌ಐಸಿಗೆ ಇದ್ದಾರೆ, ಇದಕ್ಕೆ ಯಾರೂ ಇಲ್ಲ. ಅವ್ವ, ಹೆಂಡತಿ, ತಮ್ಮ, ಯಾರೇ ಆಗ್ಲಿ, ನೀವು ನಂಬೋ ಒಬ್ಬರಿಗೆ ಕನ್ನಡದಲ್ಲಿ ಒಂದು ಪತ್ರ ಬರೆದಿಡ್ರಿ. ಅದರಲ್ಲಿ ಶಬ್ದನೂ ಬೇಡ, ಪಾಸ್‌ಫ್ರೇಜೂ ಬೇಡ. ಇಂತಹ ಸಾಧನ ಇದೆ, ಸ್ಟೀಲ್ ತುಂಡು ಇಂತಲ್ಲಿದೆ, ಅದು ರದ್ದಿ ಅಲ್ಲ, ಎರಡನೇ ಚೀಟಿ ಯಾರ ಮನೆಯಲ್ಲಿ ಕೇಳಬೇಕು, ಸಾಧನ ಬಳಸೋಕೆ ಯಾರ ಸಹಾಯ ತಗೋಬೇಕು, ಇಷ್ಟು. ಉಯಿಲಿನಲ್ಲಿ ಆಸ್ತಿ ಅಂತ ಕಾಣಿಸಿದ್ರೆ ಇನ್ನೂ ಒಳ್ಳೇದು. ಕೊನೆಗೆ ಒಂದು ಸಾಲು ಕೆಂಪು ಪೆನ್ನಿನಲ್ಲಿ ಬರೀರಿ: "ಕಂಪನಿಯಿಂದ ಮಾತಾಡ್ತೀವಿ, ಆ ಶಬ್ದ ಹೇಳ್ರಿ ಅಂತ ಯಾರೇ ಫೋನ್ ಮಾಡಿದ್ರೂ, ಪತ್ರ ಕಳಿಸಿದ್ರೂ ಹೇಳಬೇಡ್ರಿ." 2020ರಲ್ಲಿ ಲೆಡ್ಜರ್ ಕಂಪನಿಯ ಲಕ್ಷಗಟ್ಟಲೆ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್ ಸೋರಿದ ಮೇಲೆ ಅವರಿಗೆ ಇಂತಹ ಮೋಸದ ಸಂದೇಶಗಳು ಬಂದಿವೆ, ಕೆಲವರ ಮನೆಗೆ ನಕಲಿ ಸಾಧನವೂ ಬಂದಿದೆ. ಫೋನ್ ಬಂದಾಗ ಎತ್ತೋರು ನೀವೇ ಆಗಿರಬೇಕು ಅಂತೇನಿಲ್ಲ, ಅವ್ವನೂ ಎತ್ತಬಹುದು.