ನಿಂತ ಮೋಟಾರು ಸೈಕಲ್ಲೂ ಅದರ ಕಾರ್ಬ್ಯುರೇಟರೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ಹಲವು ತಿಂಗಳು ಬಿಡುವುದು ವಾಡಿಕೆ. ಕಾಲ ಕಳೆದಂತೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಕೊಬ್ಬರಿಯಾಗುವುದು. ಅದೇ ಅಟ್ಟದ ಕೆಳಗೆ ಹಳೆಯ ಮೋಟಾರು ಸೈಕಲ್ಲೊಂದು ಅಷ್ಟೇ ಕಾಲ ಅಲುಗಾಡದೆ ನಿಂತಿದ್ದರೆ ಅದರ ಪೆಟ್ರೋಲಿಗೆ ಒದಗುವ ಗತಿಯೇ ಬೇರೆ. ಬೇಗ ಆವಿಯಾಗುವ ಅಂಶವೆಲ್ಲ ಹಾರಿಹೋಗಿ, ಉಳಿದದ್ದು ಅಂಟಾಗುವುದು. ಕಾಯಿಗೆ ಬೆಲೆಯನ್ನು ತರುವ ಕಾಲವೇ ಪೆಟ್ರೋಲಿನ ಬೆಲೆಯನ್ನು ಕಳೆಯುವುದು.

ಪಟ್ಟಣವಾಸಿಗಳು ಹಬ್ಬಕ್ಕೋ ತೋಟದ ಲೆಕ್ಕಕ್ಕೋ ಊರಿಗೆ ಹೋದಾಗ ತಂದೆಯ ಕಾಲದ ಗಾಡಿಯನ್ನು ಹತ್ತು ಬಾರಿ ಒದೆದು ನೋಡಿ, ಅದು ಹೊರಡದಿದ್ದರೆ ಇಂಜಿನೇ ಹೋಯಿತೆಂದು ನಿಶ್ಚಯಿಸಿ ಗುಜರಿಯವನಿಗೆ ಕೊಟ್ಟುಬಿಡುವುದುಂಟು. ಹಾಗೆ ಹೋದ ಗಾಡಿಗಳಲ್ಲಿ ಎಷ್ಟಕ್ಕೋ ಇದ್ದ ರೋಗ ಕೂದಲೆಳೆಯಷ್ಟು ರಂಧ್ರವೊಂದು ಕಟ್ಟಿಕೊಂಡದ್ದು ಮಾತ್ರ. ನಮ್ಮ ನಾಡಿನಲ್ಲಿ ಇಂತಹ ಗಾಡಿಯೆಂದರೆ ಮೊದಲು ನೆನಪಾಗುವುದು ಮೈಸೂರಿನ ಜಾವಾ ಮತ್ತು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಿಕೆ 1961ರಲ್ಲಿ ಆರಂಭವಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮತ್ತೆ ಮಾರುಕಟ್ಟೆಗೆ ಬಂದುವಾದರೂ, ಹೊಸ ಗಾಡಿಗಳ ಇಂಜಿನು ಬೇರೆ. ಅವುಗಳ ಭಾಗವನ್ನು ತಂದು ಹಳೆಯದಕ್ಕೆ ಜೋಡಿಸುವಂತಿಲ್ಲ. ಆದುದರಿಂದ ಇರುವ ಕಾರ್ಬ್ಯುರೇಟರನ್ನು ಕೆಡಿಸದೆ ಶುಚಿಮಾಡುವ ಕ್ರಮವನ್ನು ತಿಳಿದಿರುವುದು ಲೇಸು.

ಕಾರ್ಬ್ಯುರೇಟರಿನ ಕೆಲಸ ಗಾಳಿಗೆ ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರಸುವುದು. ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಟ್ಯಾಂಕಿನಿಂದ ಇಳಿದ ಪೆಟ್ರೋಲು ಒಂದು ಬಟ್ಟಲನ್ನು ಸೇರುವುದು. ಅದರಲ್ಲಿರುವ ತೇಲುಗುಂಡು ಮೇಲೆದ್ದು, ತಕ್ಕ ಮಟ್ಟಕ್ಕೆ ತುಂಬಿದೊಡನೆ ಒಳದಾರಿಯನ್ನು ಮುಚ್ಚುವುದು. ಇಂಜಿನು ಎಳೆದುಕೊಳ್ಳುವ ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಬಟ್ಟಲಿನ ಪೆಟ್ರೋಲು ಜೆಟ್ಟು ಎಂಬ ಹಿತ್ತಾಳೆಯ ರಂಧ್ರದ ಮೂಲಕ ಮೇಲಕ್ಕೆ ಚಿಮ್ಮುವುದು. ನಿಂತಲ್ಲಿ ಓಡುವುದಕ್ಕೆ ಒಂದು ಸಣ್ಣ ಜೆಟ್ಟು, ವೇಗದ ಓಟಕ್ಕೆ ಒಂದು ದೊಡ್ಡ ಜೆಟ್ಟು, ಇವೆರಡರ ನಡುವಿನ ಓಟಕ್ಕೆ ಮೊನಚಾದ ಒಂದು ಸೂಜಿ: ಇಷ್ಟೇ ಇದರ ಮರ್ಮ.

ಈ ಹಳೆಯ ಜಾವಾ ಯೆಜ್ಡಿಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಇವು ಎರಡು ಹೊಡೆತದ ಇಂಜಿನುಗಳು; ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತು ಬರುವುದು. ಜೆಟ್ಟು ಅರ್ಧ ಕಟ್ಟಿದರೆ ಪೆಟ್ರೋಲು ಮಾತ್ರವಲ್ಲ, ಎಣ್ಣೆಯೂ ಕಡಿಮೆಯಾಗುವುದು. ಶಾಖ ಏರಿ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡರೆ, ಓಡುತ್ತಿರುವಾಗಲೇ ಹಿಂದಿನ ಚಕ್ರ ಬಿಗಿದು ಸವಾರನು ಬೀಳುವ ಸಂಭವವಿದೆ. ಹೇಗೋ ಓಡುತ್ತಿದೆಯೆಂದು ಅರ್ಧ ಕಟ್ಟಿದ ಜೆಟ್ಟಿನ ಗಾಡಿಯನ್ನು ಹೆದ್ದಾರಿಗೆ ಏರಿಸುವುದು ಅದು ಹೊರಡದೆ ನಿಂತಿರುವುದಕ್ಕಿಂತ ಅಪಾಯಕರ.

ಬಿಚ್ಚುವ ಮೊದಲು ಪರೀಕ್ಷೆ ಮಾಡತಕ್ಕದ್ದು. ಹತ್ತಾರು ಬಾರಿ ಒದೆದ ಮೇಲೆ ಪ್ಲಗ್ಗನ್ನು ತೆಗೆದು ನೋಡಬೇಕು. ಅದು ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ. ಆಗ ಕಿಡಿಯ ದೋಷವನ್ನೋ ಪೆಟ್ರೋಲು ಮಿತಿಮೀರಿದುದನ್ನೋ ವಿಚಾರಿಸಬೇಕು. ಒಣಗಿದ್ದರೆ ಪೆಟ್ರೋಲು ತಲಪುತ್ತಿಲ್ಲ. ಆಗ ರಬ್ಬರು ಕೊಳವೆಯನ್ನು ಕಾರ್ಬ್ಯುರೇಟರಿನಿಂದ ಕಳಚಿ, ಅದರ ತುದಿಯನ್ನು ಸೀಸೆಯೊಂದರಲ್ಲಿ ಹಿಡಿದು ಕಾಕನ್ನು ತಿರುಗಿಸಿದರೆ ಧಾರೆ ತಡೆಯಿಲ್ಲದೆ ಬರಬೇಕು. ಮೊದಲು ಚೆನ್ನಾಗಿ ಬಂದು ಕ್ರಮೇಣ ಸೊರಗಿದರೆ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿರಬಹುದು. ನಾರು ಸುಲಿಯುವ ಅಂಗಳದ ಪುಡಿಯೂ ಬೇಸಗೆಯ ಧೂಳೂ ಗಾಳಿಯ ಫಿಲ್ಟರಿನಲ್ಲಿ ತುಂಬಿದ್ದರೂ ಗಾಡಿ ಉಬ್ಬಸಪಡುವುದು.

ಇವೆಲ್ಲ ಸರಿಯಿದ್ದರೆ ರೋಗದ ಲಕ್ಷಣವೇ ಸ್ಥಳವನ್ನು ಸೂಚಿಸುವುದು. ಆಕ್ಸಲರೇಟರು ಕೊಟ್ಟಾಗ ಓಡಿ, ಬಿಟ್ಟೊಡನೆ ಆರಿಹೋದರೆ ಸಣ್ಣ ಜೆಟ್ಟು ಕಟ್ಟಿದೆ. ಮೆಲ್ಲಗೆ ಓಡಿ, ಏರಿನಲ್ಲಿ ಪೂರ್ತಿ ತಿರುಗಿಸಿದಾಗ ಸೊರಗಿದರೆ ದೊಡ್ಡ ಜೆಟ್ಟನ್ನು ನೋಡಬೇಕು. ನಿಂತಲ್ಲಿಯೇ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ತೇಲುಗುಂಡು ತೂತಾಗಿದೆ, ಇಲ್ಲವೆ ಅದು ಮುಚ್ಚಬೇಕಾದ ದಾರಿಯಲ್ಲಿ ಕಸ ಸಿಕ್ಕಿದೆ. ಲೋಹದ ಗುಂಡನ್ನು ಬಿಸಿನೀರಿನಲ್ಲಿ ಅದ್ದಿದರೆ ತೂತಿದ್ದ ಕಡೆ ಗುಳ್ಳೆಗಳು ಏಳುವುವು.

ಶುಚಿಮಾಡುವ ಕೆಲಸ ಬಯಲಿನಲ್ಲಿ ನಡೆಯಬೇಕು. ಒಲೆ, ಬೀಡಿ, ದೀಪಗಳು ದೂರವಿರಲಿ. ಕೊಬ್ಬರಿಯ ಅಟ್ಟವೂ ನಾರಿನ ರಾಶಿಯೂ ಬೆಂಕಿಗೆ ಬೇಗ ಈಡಾಗತಕ್ಕವು. ಸಣ್ಣ ತಿರುಪುಗಳನ್ನು ಬಿಚ್ಚುವ ಮುನ್ನ ಅವು ಎಷ್ಟು ಸುತ್ತು ಒಳಗಿದ್ದುವೆಂಬುದನ್ನೂ ಸೂಜಿ ಯಾವ ಗೀರಿನಲ್ಲಿತ್ತೆಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಬಿಚ್ಚಿದ ಲೋಹದ ಭಾಗಗಳನ್ನು ಬಿಳಿಯ ಬಟ್ಟೆಯ ಮೇಲೆ ಸಾಲಾಗಿಟ್ಟು, ಸೀಮೆಎಣ್ಣೆಯಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಪಂಕ್ಚರು ಅಂಗಡಿಯ ಗಾಳಿಯನ್ನು ರಂಧ್ರಗಳಲ್ಲಿ ಹಾಯಿಸಬೇಕು. ಆಗ ಕಣ್ಣಿಗೆ ಕನ್ನಡಕವಿರಲಿ.

ಇಲ್ಲಿ ಕೈಗೆ ಎರಡು ಪ್ರಲೋಭನೆಗಳುಂಟು. ಒಂದು, ತಂತಿಯಿಂದ ಜೆಟ್ಟನ್ನು ಚುಚ್ಚುವುದು. ಹಿತ್ತಾಳೆ ಮೆದು, ಉಕ್ಕಿನ ತಂತಿ ಅಂಟನ್ನು ತೆಗೆಯುವುದರೊಡನೆ ರಂಧ್ರವನ್ನೂ ಅಗಲಮಾಡುವುದು. ಆಮೇಲೆ ಪ್ರಮಾಣ ತಪ್ಪಿ ಪೆಟ್ರೋಲು ಹೆಚ್ಚು ವ್ಯಯವಾಗುವುದು. ಇನ್ನೊಂದು, ಮೂಲೆಯಲ್ಲಿರುವ ತೆಂಗಿನ ಪೊರಕೆಯಿಂದ ಕಡ್ಡಿಯೊಂದನ್ನು ಕಿತ್ತು ತೂರಿಸುವುದು. ಅದು ಹಿತ್ತಾಳೆಯನ್ನು ಕೊರೆಯದಿದ್ದರೂ ಒಳಗೆ ಮುರಿದುಕೊಂಡರೆ ಹೊರಗೆ ಬಾರದು. ಹಟಮಾರಿಯಾದ ಅಂಟಿಗೆ ಬಲಕ್ಕಿಂತ ಕಾಲವೇ ಮದ್ದು. ಒಂದು ರಾತ್ರಿ ನೆನೆಯಲಿ. ಕೊನೆಗೆ ಜೆಟ್ಟನ್ನು ಆಕಾಶದ ಬೆಳಕಿಗೆ ಹಿಡಿದರೆ ದುಂಡನೆಯ, ಅಂಚು ಹರಿಯದ ಬೆಳಕಿನ ಚುಕ್ಕೆ ಕಾಣಬೇಕು.

ಮರಳಿ ಜೋಡಿಸಿ, ಹೊಸ ಪೆಟ್ರೋಲಿಗೆ ಎಣ್ಣೆಯನ್ನು ಕೈಪಿಡಿಯ ಪ್ರಮಾಣದಂತೆ ಬೆರಸಿ, ಕೆಲವು ಮೈಲಿ ಓಡಿಸಿ ಪ್ಲಗ್ಗನ್ನು ಮತ್ತೆ ನೋಡಬೇಕು. ತಿಪಟೂರಿನ ಸಂತೆಯನ್ನು ಬಲ್ಲವರಿಗೆ ಇದರ ಗುರುತು ಸುಲಭ. ಪ್ಲಗ್ಗಿನ ತುದಿ ಕೊಬ್ಬರಿಯ ಹೊರಮೈಯಂತೆ ಕಂದಾಗಿದ್ದರೆ ಕ್ಷೇಮ. ಒಳಮೈಯಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಕರಟದಂತೆ ಕಪ್ಪಾಗಿದ್ದರೆ ಹೆಚ್ಚಾಗಿದೆ.

ಈಗಿನ ಪೆಟ್ರೋಲಿನ ಗುಣವನ್ನೂ ಗಮನಿಸಬೇಕು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲು ಬೆರೆಯತೊಡಗಿತು. ಈ ಮಿಶ್ರಣದ ಒಂದು ಪಾಲಿಗೆ ಸುಮಾರು 13.5 ಪಾಲು ಗಾಳಿ ಸಾಕು. ಎಂದರೆ ಅಷ್ಟೇ ಗಾಳಿಗೆ ಈಗ ಇಂಧನ ತುಸು ಹೆಚ್ಚು ಬೇಕು. ಹಳೆಯ ಜೆಟ್ಟು ಇದನ್ನರಿಯದು. ಅದಲ್ಲದೆ ಎಥನಾಲು ಗಾಳಿಯ ತೇವವನ್ನು ಹೀರುವುದು, ಹಳೆಯ ರಬ್ಬರನ್ನು ಸಡಿಲಗೊಳಿಸುವುದು. ಆದುದರಿಂದ ಹಳೆಯ ಗಾಡಿಯಲ್ಲಿ ಅರ್ಧ ಕಟ್ಟಿದ ಜೆಟ್ಟಿಗೆ ಹಿಂದೆ ಇದ್ದಷ್ಟು ಕ್ಷಮೆಯೂ ಈಗ ಇಲ್ಲ.

ಇಷ್ಟೆಲ್ಲ ಶ್ರಮವನ್ನು ತಪ್ಪಿಸುವ ಉಪಾಯ ಸಣ್ಣದು. ಊರಿನಿಂದ ಹೊರಡುವ ದಿನ ಕಾಕನ್ನು ಮುಚ್ಚಿ, ಬಟ್ಟಲಿನ ಪೆಟ್ರೋಲನ್ನು ಬರಿದುಮಾಡಿ ಹೋದರೆ ಅಂಟು ಕಟ್ಟಲು ಅಲ್ಲಿ ಏನೂ ಉಳಿಯದು. ಅಟ್ಟದ ಮೇಲಿನ ಕಾಯಿ ತನ್ನಷ್ಟಕ್ಕೆ ಒಣಗಲಿ. ಅಟ್ಟದ ಕೆಳಗಿನ ಬಟ್ಟಲನ್ನು ನಾವೇ ಒಣಗಿಸಿಡೋಣ.