ಮನ್ಸಬಿನ ಅಂಕಿಗಳು: ಮೊಗಲರ ಸೇವಾವರ್ಗದಲ್ಲಿ ದರ್ಜೆ ಮತ್ತು ಸ್ಥಿತಿ

ಮೊಗಲರ ಚರಿತ್ರೆಯನ್ನು ಓದತೊಡಗಿದ ವಿದ್ಯಾರ್ಥಿಗೆ ‘ಐದು ಸಾವಿರದ ಮನ್ಸಬ್‌ದಾರ’ ಎಂಬ ಮಾತು ಬಹುಬೇಗ ಎದುರಾಗುತ್ತದೆ. ಐದು ಸಾವಿರ ಕುದುರೆ ಸವಾರರ ನಾಯಕನೆಂದು ಅದಕ್ಕೆ ಅರ್ಥ ಹೇಳಿ ಮುಂದೆ ಸಾಗುವುದು ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ. ಈ ಅರ್ಥ ಸರಿಯಾದುದಲ್ಲ. ಇದನ್ನು ನಂಬಿ ಮನ್ಸಬ್‌ದಾರರ ಅಂಕಿಗಳನ್ನು ಕೂಡಿಸುತ್ತ ಹೋದರೆ, ಮೊಗಲರಿಗೆ ಎಂದೂ ಇಲ್ಲದಿದ್ದ ಸೈನ್ಯವೊಂದನ್ನು ನಾವೇ ಸೃಷ್ಟಿಸಿದಂತಾಗುತ್ತದೆ. ಅಷ್ಟು ದೊಡ್ಡ ಸೈನ್ಯವುಳ್ಳ ಸಾಮ್ರಾಜ್ಯವು ದಕ್ಷಿಣದಲ್ಲಿ ಸೊರಗಿದುದೇಕೆ ಎಂಬುದೂ ಒಗಟಾಗಿಯೇ ಉಳಿಯುತ್ತದೆ. ಮನ್ಸಬಿನ ಅಂಕಿ ಏನನ್ನು ಸೂಚಿಸುತ್ತಿತ್ತು, ಅದರೊಡನೆ ಸೇರಿಸುತ್ತಿದ್ದ ವಿಶೇಷಣಗಳು ಯಾವುವು, ಅವು ಏಕೆ ಬೇಕಾದವು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಮನ್ಸಬ್’ ಎಂಬುದು ಅರಬ್ಬೀ ಮೂಲದ ಪದ. ಸ್ಥಾನ, ಪದವಿ ಎಂದು ಅದರ ಅರ್ಥ. ಅಕ್ಬರನು 1573–75ರ ಸುಮಾರಿಗೆ ತನ್ನ ಸೇವೆಯಲ್ಲಿದ್ದವರಿಗೆ ಅಂಕಿಯ ರೂಪದಲ್ಲಿ ಸ್ಥಾನವನ್ನು ಗೊತ್ತುಮಾಡುವ ಪದ್ಧತಿಯನ್ನು ಜಾರಿಗೆ ತಂದನು. ದಂಡನಾಯಕ, ಸುಬೇದಾರ, ದಿವಾನ, ಹಕೀಮ ಇವರೆಲ್ಲರೂ ಒಂದೇ ಏಣಿಯ ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತರು. ಹುದ್ದೆ ಬೇರೆ, ಮನ್ಸಬು ಬೇರೆ. ಹುದ್ದೆಯಿಲ್ಲದಿದ್ದರೂ ಮನ್ಸಬು ಇರಬಹುದಾಗಿತ್ತು. ಹತ್ತರಿಂದ ಹತ್ತು ಸಾವಿರದವರೆಗೆ 66 ದರ್ಜೆಗಳಿದ್ದುವೆಂದು ಅಬುಲ್ ಫಜಲನು ‘ಆಯಿನೆ ಅಕ್ಬರಿ’ಯಲ್ಲಿ ಹೇಳುತ್ತಾನೆ. ‘ಅಲ್ಲಾ’ ಎಂಬ ನಾಮದ ಅಕ್ಷರಗಳ ಸಂಖ್ಯಾಮೌಲ್ಯವೂ 66 ಆಗಿರುವುದರಿಂದ ಈ ಲೆಕ್ಕದಲ್ಲಿ ಆಡಳಿತಕ್ಕಿಂತ ಭಕ್ತಿಯ ಪಾಲೇ ಹೆಚ್ಚಾಗಿರುವಂತೆ ತೋರುತ್ತದೆ. ಬಳಕೆಯಲ್ಲಿದ್ದ ದರ್ಜೆಗಳು ಅದರ ಅರ್ಧದಷ್ಟು ಮಾತ್ರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಐದು ಸಾವಿರದ ಮೇಲಿನ ದರ್ಜೆಗಳು ಮೊದಲು ರಾಜಕುಮಾರರಿಗೆ ಮೀಸಲಾಗಿದ್ದವು. ಮುಂದೆ ರಾಜಾ ಮಾನಸಿಂಹ ಮತ್ತು ಮಿರ್ಜಾ ಅಜೀಜ್ ಕೋಕಾ ಇವರಿಗೆ ಏಳು ಸಾವಿರದ ಗೌರವ ದೊರೆಯಿತು. ಮನ್ಸಬು ತಂದೆಯಿಂದ ಮಗನಿಗೆ ಹಕ್ಕಾಗಿ ಬರುತ್ತಿರಲಿಲ್ಲ. ಸೇವೆಯಲ್ಲಿದ್ದವರ ಮಕ್ಕಳಿಗೆ, ಅಂದರೆ ‘ಖಾನಾಜಾದ’ರಿಗೆ, ಆದ್ಯತೆಯಿದ್ದಿತಾದರೂ ಅವರು ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕಾಗಿತ್ತು.

ಒಂದೇ ಅಂಕಿಯಿಂದ ವ್ಯಕ್ತಿಯ ಗೌರವವನ್ನೂ ಅವನು ಸಾಕತಕ್ಕ ಸವಾರರ ಸಂಖ್ಯೆಯನ್ನೂ ಸೂಚಿಸುವುದು ಬಹುಕಾಲ ನಡೆಯುವಂತಿರಲಿಲ್ಲ. ಗೌರವಕ್ಕೆ ಅರ್ಹನಾದ ವಿದ್ವಾಂಸನಿಂದ ಸಾವಿರ ಸವಾರರನ್ನು ನಿರೀಕ್ಷಿಸುವುದು ಸಾಧ್ಯವಿರಲಿಲ್ಲ. ಸವಾರರನ್ನು ಒದಗಿಸಬೇಕಾದವರಲ್ಲಿಯೂ ಎಲ್ಲರೂ ಪೂರ್ತಿಯಾಗಿ ಒದಗಿಸುತ್ತಿರಲಿಲ್ಲ. ಆದಕಾರಣ 1590ರ ದಶಕದಲ್ಲಿ ಅಂಕಿ ಎರಡಾಯಿತು. ಮೊದಲನೆಯದು ‘ಜಾತ್’, ಇದು ವ್ಯಕ್ತಿಯ ಸ್ಥಾನವನ್ನೂ ಸ್ವಂತ ವೇತನವನ್ನೂ ತಿಳಿಸುತ್ತದೆ. ಎರಡನೆಯದು ‘ಸವಾರ್’, ಇದು ಅವನ ಸೈನಿಕ ಹೊಣೆಯನ್ನೂ ಅದಕ್ಕಾಗಿ ಸಲ್ಲುವ ಹಣವನ್ನೂ ತಿಳಿಸುತ್ತದೆ. ಇವೆರಡರ ಪರಸ್ಪರ ಪ್ರಮಾಣದಿಂದ ಪ್ರತಿ ದರ್ಜೆಯಲ್ಲಿಯೂ ಮೂರು ವರ್ಗಗಳಾದವು. ಸವಾರ್ ಅಂಕಿ ಜಾತಿಗೆ ಸಮನಾಗಿದ್ದರೆ ಮೊದಲನೆಯ ವರ್ಗ, ಅರ್ಧ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಎರಡನೆಯದು, ಅರ್ಧಕ್ಕಿಂತ ಕಡಿಮೆಯಿದ್ದರೆ ಮೂರನೆಯದು.

ಬರೆದ ಅಂಕಿಗೂ ಮೈದಾನದಲ್ಲಿ ನಿಂತ ಕುದುರೆಗೂ ಹೊಂದಿಕೆಯಾಗಬೇಕಲ್ಲವೆ? ಇದಕ್ಕಾಗಿ ಎರಡು ಪರೀಕ್ಷೆಗಳಿದ್ದವು. ಕುದುರೆಗಳಿಗೆ ಮುದ್ರೆಯ ಬರೆ ಹಾಕುವುದು ‘ದಾಗ್’. ಸವಾರನ ಮುಖಲಕ್ಷಣ ಮುಂತಾದ ಗುರುತುಗಳನ್ನು ದಾಖಲೆಮಾಡುವುದು ‘ಚೆಹರಾ’. ತಪಾಸಣೆಯ ದಿನ ನೆರೆಯವನ ಕುದುರೆಯನ್ನು ಎರವಲು ತಂದು ನಿಲ್ಲಿಸುವ ಚಾಳಿಯನ್ನು ತಡೆಯುವುದೇ ಇವುಗಳ ಗುರಿ.

ಅಕ್ಬರನ ತರುವಾಯ ಅಂಕಿಗಳೊಡನೆ ವಿಶೇಷಣಗಳು ಬೆಳೆದವು. ಜಹಾಂಗೀರನ ಕಾಲದಲ್ಲಿ ‘ದೋ ಅಸ್ಪಾ ಸಿಹ್ ಅಸ್ಪಾ’ ಎಂಬ ದರ್ಜೆ ಬಂದಿತು. ಎರಡು ಕುದುರೆ, ಮೂರು ಕುದುರೆ ಎಂದು ಅಕ್ಷರಾರ್ಥ. ಸವಾರ್ ಅಂಕಿಯ ಯಾವ ಭಾಗಕ್ಕೆ ಈ ವಿಶೇಷಣ ಸೇರುತ್ತಿತ್ತೋ ಆ ಭಾಗದ ಹೊಣೆಯೂ ಹಣವೂ ಇಮ್ಮಡಿಯಾಗುತ್ತಿದ್ದವು. ಜಾತ್ ಅಂಕಿಯನ್ನು ಏರಿಸದೆ, ಅಂದರೆ ಇತರರ ಅಸೂಯೆಗೆ ಎಡೆಗೊಡದೆ, ನಂಬಿಕಸ್ತನಾದ ಸೇನಾನಿಯ ಬಲವನ್ನು ಹೆಚ್ಚಿಸುವುದಕ್ಕೆ ಇದು ಅನುಕೂಲವಾಯಿತು. ಇನ್ನೊಂದು ವಿಶೇಷಣ ‘ಮಷ್ರೂತ್’, ಎಂದರೆ ಷರತ್ತಿಗೊಳಪಟ್ಟದ್ದು. ಫೌಜದಾರಿಯಂತಹ ಹುದ್ದೆಯೊಂದಕ್ಕೆ ನೇಮಕವಾದವನಿಗೆ ಆ ಕೆಲಸ ನಡೆಸುವಷ್ಟು ಕಾಲ ಮಾತ್ರ ಹೆಚ್ಚಿನ ಸವಾರ್ ಅಂಕಿ ದೊರೆಯುತ್ತಿತ್ತು. ಹುದ್ದೆ ಬಿಟ್ಟೊಡನೆ ಸಾಮಾನ್ಯವಾಗಿ ಅದೂ ಹೋಗುತ್ತಿತ್ತು.

ಷಹಜಹಾನನು ಅಂಕಿಯಲ್ಲಿ ಬರೆದಷ್ಟು ಸವಾರರು ಎಂದೂ ಬರುವುದಿಲ್ಲವೆಂಬುದನ್ನು ಒಪ್ಪಿಕೊಂಡು, ಅದನ್ನೇ ನಿಯಮವನ್ನಾಗಿ ಮಾಡಿದನು. ತನ್ನ ಜಾಗೀರು ಇರುವ ಪ್ರಾಂತದಲ್ಲಿಯೇ ಸೇವೆ ಸಲ್ಲಿಸುವವನು ಸವಾರ್ ಅಂಕಿಯ ಮೂರನೆಯ ಒಂದು ಭಾಗವನ್ನೂ, ಬೇರೆ ಪ್ರಾಂತದಲ್ಲಿರುವವನು ನಾಲ್ಕನೆಯ ಒಂದು ಭಾಗವನ್ನೂ ಹಾಜರುಪಡಿಸತಕ್ಕದ್ದು. 1646–47ರ ಬಲ್ಖ್ ದಂಡಯಾತ್ರೆಯಲ್ಲಿ ಐದನೆಯ ಒಂದು ಭಾಗವೇ ಸಾಕೆನಿಸಿತು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಬ್ಬನ ಮನ್ಸಬು ‘ಐದು ಸಾವಿರ ಜಾತ್, ಮೂರು ಸಾವಿರ ಸವಾರ್, ಅದರಲ್ಲಿ ಒಂದು ಸಾವಿರ ದೋ ಅಸ್ಪಾ ಸಿಹ್ ಅಸ್ಪಾ’ ಎಂದಿದೆಯೆನ್ನೋಣ. ಇಮ್ಮಡಿಯ ಭಾಗವನ್ನು ಸೇರಿಸಿದರೆ ಲೆಕ್ಕದ ಸವಾರರು 4,000. ಮೂರನೆಯ ಒಂದರ ನಿಯಮದಂತೆ ಅವನು ತರಬೇಕಾದವರು ಸುಮಾರು 1,333 ಮಂದಿ. ನಾಲ್ಕನೆಯ ಒಂದರಂತೆ 1,000 ಮಂದಿ. ‘ಐದು ಸಾವಿರದ’ ಮನ್ಸಬ್‌ದಾರನ ನಿಜವಾದ ದಂಡು ಇಷ್ಟೆ.

ಹಣದ ಕಡೆಯಲ್ಲಿಯೂ ಇಂತಹದೇ ತಿದ್ದುಪಡಿ ಅವಶ್ಯವಾಯಿತು. ಹೆಚ್ಚಿನ ಮನ್ಸಬ್‌ದಾರರಿಗೆ ವೇತನದ ಬದಲು ಜಾಗೀರಿನ ಕಂದಾಯವನ್ನು ಬಿಟ್ಟುಕೊಡಲಾಗುತ್ತಿತ್ತು. ಕಾಗದದ ಮೇಲಿನ ಅಂದಾಜಾದ ‘ಜಮಾ’ ಒಂದಾದರೆ, ಕೈಗೆ ಬರುವ ‘ಹಾಸಿಲ್’ ಮತ್ತೊಂದು. ಈ ಅಂತರವನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಅಂದಾಜಿನ ಅರ್ಧದಷ್ಟೇ ಬರುವ ಜಾಗೀರು ‘ಆರು ತಿಂಗಳ’ ಜಾಗೀರು. ಅದಕ್ಕೆ ಅನುಗುಣವಾಗಿ ಸೈನಿಕ ಹೊಣೆಯೂ ಇಳಿಯುತ್ತಿತ್ತು.

ಇಷ್ಟೆಲ್ಲ ಕಡಿತವಾದರೂ ಅಂಕಿಯ ಮರ್ಯಾದೆ ಮಾತ್ರ ಕುಂದಲಿಲ್ಲ. ದರ್ಬಾರಿನಲ್ಲಿ ಯಾರು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು ಅದು ನಿರ್ಧರಿಸುತ್ತಿತ್ತು. 1665ರ ಪುರಂದರ ಒಪ್ಪಂದದಿಂದ ಶಿವಾಜಿಯ ಬಾಲಕನಾದ ಮಗ ಸಂಭಾಜಿಗೆ ಐದು ಸಾವಿರದ ಮನ್ಸಬು ದೊರೆತಿತ್ತು. 1666ರ ಮೇ ತಿಂಗಳಲ್ಲಿ ಆಗ್ರಾದ ದರ್ಬಾರಿಗೆ ಬಂದ ಶಿವಾಜಿಯನ್ನೂ ಐದು ಸಾವಿರದವರ ಸಾಲಿನಲ್ಲಿಯೇ ನಿಲ್ಲಿಸಿದರು. ಅವನು ಅಲ್ಲಿಯೇ ಸಿಡಿದೆದ್ದುದು ಪ್ರಸಿದ್ಧ ಸಂಗತಿ. ಇದನ್ನು ಕೇವಲ ಕೋಪವೆಂದು ತಿಳಿಯಲಾಗದು. ಆ ಸಭೆಯಲ್ಲಿ ನಿಲ್ಲುವ ಜಾಗವೇ ಒಬ್ಬನ ರಾಜಕೀಯ ಯೋಗ್ಯತೆಯ ಬಹಿರಂಗ ಘೋಷಣೆಯಾಗಿತ್ತು. ಅದನ್ನು ಓದಲು ಬಾರದವರು ಅಲ್ಲಿ ಯಾರೂ ಇರಲಿಲ್ಲ.

ಔರಂಗಜೇಬನ ಕೊನೆಯ ಕಾಲದಲ್ಲಿ ಈ ವ್ಯವಸ್ಥೆಯ ಮೇಲೆ ಬಿದ್ದ ಭಾರ ಕರ್ನಾಟಕದ ಚರಿತ್ರೆಗೂ ಸೇರಿದುದು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಗಲರ ವಶವಾದವು. ಸಿರಾ ಅವರ ಆಡಳಿತದ ಕೇಂದ್ರವಾಯಿತು. ಸೋತ ರಾಜ್ಯಗಳ ಸರದಾರರನ್ನೂ ಮರಾಠಾ ನಾಯಕರನ್ನೂ ಒಲಿಸಿಕೊಳ್ಳಲು ಮನ್ಸಬುಗಳನ್ನು ಧಾರಾಳವಾಗಿ ಕೊಡಬೇಕಾಯಿತು. ಎಂ. ಅತರ್ ಅಲಿಯವರು 1966ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಜಾತ್ ಹೊಂದಿದ್ದವರು 1658–78ರಲ್ಲಿ 486 ಮಂದಿ, 1679–1707ರಲ್ಲಿ 575 ಮಂದಿ. ಅವರಲ್ಲಿ ಮರಾಠರು 27ರಿಂದ 96ಕ್ಕೆ ಏರಿದರು. ಹಂಚುವುದಕ್ಕೆಂದು ಇಟ್ಟಿದ್ದ ‘ಪಾಯಿಬಾಕಿ’ ಭೂಮಿ ಬೇಡಿಕೆಗೆ ಸಾಲದಾಯಿತು. ಮನ್ಸಬು ಸಿಕ್ಕಿಯೂ ಜಾಗೀರು ಸಿಗದೆ ಕಾಯುವವರು ಹೆಚ್ಚಿದರು. ಜಾಗೀರಿಲ್ಲದವನು ಸವಾರರನ್ನು ಸಾಕುವುದೆಂತು? ಇದಕ್ಕೆ ಭೂಮಿಯ ನಿಜವಾದ ಕೊರತೆಯೇ ಕಾರಣವೋ, ಯುದ್ಧದಿಂದ ಕಂದಾಯದ ವಸೂಲಿ ಕೆಟ್ಟುದು ಕಾರಣವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬರೆದುಕೊಟ್ಟ ಅಂಕಿಗೆ ಆಧಾರವಾದ ಆದಾಯ ಹಲವರಿಗೆ ದೊರೆಯಲಿಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮನ್ಸಬಿನ ಅಂಕಿ ಸೈನ್ಯದ ಎಣಿಕೆಯಲ್ಲ. ಅದು ಪಾದಶಹನಿಗೂ ಸೇವಕನಿಗೂ ನಡುವೆ ಇದ್ದ ಲೆಕ್ಕದ ಶಿರೋನಾಮೆ. ಆ ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗಲೆಲ್ಲ ಅಂಕಿಯನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಒಂದೊಂದು ವಿಶೇಷಣವನ್ನು ಬರೆಯುತ್ತ ಹೋದರು. ಬೀದರ, ಕಲಬುರಗಿ, ರಾಯಚೂರುಗಳನ್ನೊಳಗೊಂಡಿದ್ದ ಹೈದರಾಬಾದು ಸಂಸ್ಥಾನದಲ್ಲಿ ‘ಮನ್ಸಬು’ ಎಂಬ ಮಾತು ಇಪ್ಪತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿದ್ದು, ಕುದುರೆಯ ಸಂಬಂಧವನ್ನೇ ಕಳೆದುಕೊಂಡ ನಗದು ಭತ್ಯಕ್ಕೆ ಹೆಸರಾಗಿತ್ತು. ಆದುದರಿಂದ ದಾಖಲೆಯಲ್ಲಿ ಮನ್ಸಬೊಂದನ್ನು ಕಂಡ ವಿದ್ಯಾರ್ಥಿ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು: ಜಾತ್ ಎಷ್ಟು, ಸವಾರ್ ಎಷ್ಟು, ಷರತ್ತು ಏನು, ಜಾಗೀರು ಎಷ್ಟು ತಿಂಗಳದ್ದು? ಇವುಗಳಿಗೆ ಉತ್ತರ ದೊರೆತ ಬಳಿಕವೇ ಆ ಮನ್ಸಬ್‌ದಾರನ ಬಲವನ್ನು ಕುರಿತು ಮಾತನಾಡಲು ನಮಗೆ ಅಧಿಕಾರ ಬರುತ್ತದೆ.